ವರದಿಯ ಏಳನೆಯ ಕಾಲಂ

ಸಂಚಾರಿ ಶಿಶುವಿಹಾರ, ದಕ್ಷಿಣ ಗೋಬಿಯ ಬೇಸಿಗೆ ಹುಲ್ಲುಗಾವಲು

ದುಲ್ಮಾ ಮೇಡಂ, ನೀವು ಕಳಿಸಿದ ಫಾರಂ ತಲುಪಿತು
ನೀರಿನ ಲಾರಿಯಲ್ಲಿ, ಹಿಟ್ಟಿನ ಮೂಟೆಯ ಕೆಳಗೆ ನಾಲ್ಕು ಮಡಿಕೆಯಾಗಿ.
ಒಂದರಿಂದ ಆರರ ತನಕ ತುಂಬಿದ್ದೇನೆ:
ಮಕ್ಕಳು ಹತ್ತೊಂಬತ್ತು. ಗುಡಾರ ಒಂದು.
ಒಲೆ ಒಂದು, ಅದಕ್ಕೊಂದು ಕಾಲಿಲ್ಲ, ಕಲ್ಲು ಕೊಟ್ಟಿದ್ದೇನೆ.
ಸೀಮೆಸುಣ್ಣ ಮುಗಿದಿದೆ. ಗಾಳಿಗೆ ಕೊರತೆಯಿಲ್ಲ.
ಏಳನೆಯದಕ್ಕೆ ಬಂದು ಪೆನ್ನು ನಿಂತಿತು:
‘ಈ ವಾರ ಮಕ್ಕಳು ಏನು ಕಲಿತರು?’

ಸೋಮವಾರ, ಎಣಿಕೆ ಕಲಿಸೋಣವೆಂದು
ಅಂಕಿಗಳ ದೊಡ್ಡ ಹಾಳೆ ತೂಗುಹಾಕಿದೆ.
ಗುಡಾರದ ನೆತ್ತಿಯ ಕಿಂಡಿಯಿಂದ ಗಾಳಿ ಇಳಿದು ಬಂದು
ಹಾಳೆಯನ್ನು ಕಿತ್ತು ಒಲೆಗೆ ಉಣಿಸಿತು.
ಐದು, ಆರು ಬೂದಿ. ಏಳರ ಬಾಲ ಮಾತ್ರ ಉಳಿಯಿತು.
ಮಕ್ಕಳು ನಕ್ಕರು.
ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆಗ ಸರನ್‌ತುಯಾ ತನ್ನ ಅಂಗಿಯ ಮಡಿಲಿನಿಂದ
ಅಜ್ಜಿ ಹೊಲಿದುಕೊಟ್ಟ ಚೀಲ ತೆಗೆದಳು.
ಕುರಿಯ ಹಿಂಗಾಲ ಹರಡಿನ ಮೂಳೆಗಳು,
ಮೂರು ತಲೆಮಾರಿನ ಅಂಗೈ ಉಜ್ಜಿ ಉಜ್ಜಿ
ಹಳೆ ಬೆಣ್ಣೆಯ ಬಣ್ಣಕ್ಕೆ ತಿರುಗಿದವು.
ನಿಮಗೆ ಗೊತ್ತು, ಒಂದೊಂದಕ್ಕೂ ನಾಲ್ಕು ಮಗ್ಗುಲು:
ಕುದುರೆ, ಒಂಟೆ,
ಉಬ್ಬಿ ಬಿದ್ದರೆ ಕುರಿ, ತಗ್ಗು ಮೇಲಾದರೆ ಆಡು.
ಫಾರಂ ಅಚ್ಚು ಹಾಕಿಸಿದವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬರೆದೆ.

ಕಂಬಳಿಯ ಮೇಲೆ ಚೆಲ್ಲಿದರು.
ಒಂದೇ ಥರ ಬಿದ್ದ ಎರಡನ್ನು ಬೆರಳಲ್ಲಿ ಚಿಮ್ಮಿ ತಾಗಿಸಬೇಕು,
ಕುರಿಗೆ ಕುರಿ, ಒಂಟೆಗೆ ಒಂಟೆ.
ನಡುವೆ ಕುದುರೆಗೆ ತಗುಲಿತೋ, ಸರದಿ ಹೋಯಿತು.
ಎರಡು ಗಂಟೆ ಯಾರೂ ಅಳಲಿಲ್ಲ.
ಒಬ್ಬ ಮಾತ್ರ ಅತ್ತ, ಮೋಸ ಮಾಡಿ ಗೆದ್ದವನು,
ಯಾರೂ ಕೇಳದೆ, ತಾನೇ ತಾನಾಗಿ.
ಇದಕ್ಕೆ ನಿಮ್ಮಲ್ಲಿ ಕಾಲಂ ಇದೆಯೆ?

‘ಈಗ ಹೇಳಿ, ಒಟ್ಟು ಎಷ್ಟು?’ ಎನ್ನಲು
ನನ್ನ ನಾಲಗೆ ತುರಿಸುತ್ತಿತ್ತು, ಸುಳ್ಳೇಕೆ.
ತರಬೇತಿಯಲ್ಲಿ ಕಲಿತ ನಾಲಗೆ ಅದು.
ಉಪ್ಪು ಹಾಕಿದ ಚಹಾ ಕುಡಿದು ಸುಮ್ಮನಾಗಿಸಿದೆ.
ಮೂರನೆಯ ಬಟ್ಟಲು ತಳ ಕಾಣುವಷ್ಟರಲ್ಲಿ
ಅವರೇ ಎಣಿಸಿ ಗುಲ್ಲೆಬ್ಬಿಸಿದರು:
ಇಪ್ಪತ್ತನಾಲ್ಕು ಇರಬೇಕಿತ್ತು, ಇರುವುದು ಇಪ್ಪತ್ತಮೂರು,
ಮಂದೆಯಿಂದ ಒಂದು ತಪ್ಪಿಸಿಕೊಂಡಿದೆ!
ಇಡೀ ಶಾಲೆ ಕಾಣೆಯಾದದ್ದನ್ನು ಅರಸಿ ಹೊರಟಿತು,
ಪೆಟ್ಟಿಗೆಯ ಹಿಂದೆ, ಸೆಗಣಿಯ ಬುಟ್ಟಿಯಲ್ಲಿ,
ನನ್ನ ಎಡಗಾಲಿನ ಬೂಟಿನೊಳಗೆ.
ತೋಳ ಕೊಂಡುಹೋಯಿತು ಅಂದಳು ಒಬ್ಬಳು.
ತೋಳದ ಹೆಜ್ಜೆ ಎಲ್ಲಿ ಎಂದು ಇನ್ನೊಬ್ಬಳು ನೆಲ ಮೂಸಿದಳು.

ಬಾಗಿಲ ಬಳಿ ಒಚಿರ್ ಕೂತಿದ್ದ.
ಅವನ ಬಗ್ಗೆ ಹೋದ ಸಲ ಬರೆದಿದ್ದೆ,
ನಾಲ್ಕು ವರ್ಷ, ಬಂದು ಹನ್ನೆರಡು ದಿನ, ತುಟಿ ಪಿಟಕ್ಕೆಂದಿಲ್ಲ.
ನೀವು ‘ಪರೀಕ್ಷೆಗೆ ಕಳಿಸಿ’ ಎಂದು ಉತ್ತರಿಸಿದ್ದಿರಿ.
ಅವನ ಮುಷ್ಟಿ ಮುಚ್ಚಿತ್ತು.
ಮಕ್ಕಳು ಸುತ್ತ ಕುಕ್ಕರುಗಾಲಲ್ಲಿ ಕೂತರು,
ಯಾರೂ ಕಳ್ಳ ಅನ್ನಲಿಲ್ಲ, ಯಾರೂ ಕೈ ಬಿಡಿಸಲಿಲ್ಲ,
ಬೆದರಿದ ಮರಿಯ ಎದುರು ಕೂರುವುದು ಹೀಗೇ ತಾನೆ.
ತುಂಬ ಹೊತ್ತಾಯಿತು.
ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ತಿಳಿಯಲಿಲ್ಲ.

ಅವನು ಮೂಳೆಯನ್ನು ಎಸೆದ.
ಉರುಳಿತು, ಒಂಟೆಯಾಗಲು ಹೋಗಿ ಮನಸ್ಸು ಬದಲಿಸಿ
ಮಗುಚಿಕೊಂಡು, ತಗ್ಗು ಮೇಲಾಗಿ ನಿಂತಿತು.
ಯಾರೂ ಉತ್ತರ ಹೇಳಿಕೊಡಲಿಲ್ಲ.
‘ಆಡು,’ ಅಂದ.

ಅಷ್ಟೇ, ಮೇಡಂ. ಆಮೇಲೆ ಹಾಲಿನ ಕಮಟು ವಾಸನೆ, ಊಟ, ನಿದ್ದೆ.

ನಿಮ್ಮ ಏಳನೆಯ ಕಾಲಂ ಒಂದೂವರೆ ಬೆರಳಗಲ.
‘ಸಂಖ್ಯಾಜ್ಞಾನ’ ಎಂದು ಬರೆದೆ, ಹೊಡೆದುಹಾಕಿದೆ.
‘ಸಹಕಾರ ಮನೋಭಾವ’, ಅದನ್ನೂ.
ಕೊನೆಗೆ ಅವನು ಆಡಿದ್ದನ್ನೇ ಬರೆದಿದ್ದೇನೆ, ಒಂದೇ ಶಬ್ದ.
ತಪ್ಪಿದ್ದರೆ ತಿದ್ದಿಕೊಳ್ಳಿ.
ಲಾರಿಯವನು ಹಾರ್ನ್ ಬಾರಿಸುತ್ತಿದ್ದಾನೆ.
ಸೀಮೆಸುಣ್ಣಕ್ಕೆ ಅವಸರವಿಲ್ಲ,
ಆದರೆ ಒಲೆಗೆ ಒಂದು ಕಾಲು ಕಳಿಸಿಕೊಡಿ.