ಆರು ಸೀಳು

ಒಂದ ಬಿದಿರು ಕೊಡು ಅಂದೆ.
ಮೇದಾರ ಓಣಿಯ ಹುಲಿಗೆಮ್ಮ ಕೈಯಾಗಿನ ಮೊರ ಇಳಿಸಿ
ದನಿ ತಗ್ಗಿಸಿ ಕೇಳಿದ್ಲು: "ಯಾರ ಮನ್ಯಾಗ?"
ಯಾರೂ ಹೋಗಿಲ್ಲಬೇ, ಅಂದೆ.
"ಹಂಗಾದರ ಹಸೀದ್ಯಾಕ? ಅಟ್ಟದ ಮ್ಯಾಲಿಂದ ತಗೋ,
ಎರಡ ಬ್ಯಾಸಗಿ ಕಂಡೈತಿ."

ಕೊರ್ಲಹಳ್ಳಿ ಸೇತುವಿ ಮ್ಯಾಲ ಬಸ್ಸು ಕೆಟ್ಟ ನಿಂತಾಗ ನೋಡಿದ್ದು:
ಕೆಳಗ ತುಂಗಭದ್ರಿಯೊಳಗ ಮೊಣಕಾಲಮಟ ನಿಂತ ಒಬ್ಬಾವ
ದಾರ ಹಿಂದಕ್ಕ ಒಗದ, ಮುಂದಕ್ಕ ಒಗದ,
ನೀರಿಗೆ ಮುಟ್ಟಸದನ ಗಾಳಿಯೊಳಗ ನೇಯತಿದ್ದ.
ಹಾಸು ಇಲ್ಲ. ಲಾಳಿ ಇಲ್ಲ.
ಬರೇ ಹೊಕ್ಕು.
ಮೂವತ್ತ ವರ್ಷ ಬೆಟಗೇರಿಯಾಗ ಮಗ್ಗದ ಕುಣಿಯೊಳಗ ಕಾಲ ಇಳಿಬಿಟ್ಟಾವ
ಅವತ್ತ ರಾತ್ರಿ ನಿದ್ದಿ ಮಾಡಲಿಲ್ಲ.

ನಮ್ಮ ಮನ್ಯಾಗ ಮೀನ ತಿನ್ನಂಗಿಲ್ಲ.
ನೀಲಗಂಗಾ ಇದನ್ನ ಎರಡ ಸಲ ಹೇಳಿದ್ಲು,
ಒಮ್ಮೆ ನನಗ, ಒಮ್ಮೆ ಬಿದಿರಿಗೆ.
ಕೋಲಿಗಿನ್ನೂ ಮೀನ ಅಂದರೇನಂತ ಗೊತ್ತಿಲ್ಲ, ಅಂದೆ.
"ನಿನಗರ ಗೊತ್ತೈತೇನು?"
ಇಲ್ಲ.

ಹುಲಿಗೆಮ್ಮನ ಕತ್ತಿ ನಟ್ಟನಡುವ ಹಿಡದ ಹೋಗತೈತಿ.
ನನ್ನದು ಗೆಣ್ಣ ಬಂದ ಕೂಡಲೆ
ಸಾಲಿ ತಪ್ಪಸೋ ಹುಡುಗನಂಗ ಓಣಿ ಬಿಟ್ಟ ಓಣಿ ಹಿಡೀತಿತ್ತು.
ಮೂರು ಬಿದಿರು ಒಲಿಗೆ ಹೋದವು.
ನಾಕನೇದಕ್ಕ ಆಕೀನ ಅಂದ್ಲು:
"ದಪ್ಪ ಇದ್ದ ಮಗ್ಗಲ ಬಗ್ಗಸು, ಕತ್ತಿ ಅತ್ತ ಹೊಳ್ಳತೈತಿ."
ಹೊಳ್ಳಿತು.

ಸತ್ಯದಾನ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಾಗ ಟರ್ನರ್,
ಕಬ್ಬಿಣದ ಪಟ್ಟಿಗೆ ಅರವತ್ತ ಡಿಗ್ರಿ ಗಾಡಿ ಕೊರದ ತಂದುಕೊಟ್ಟ.
ಸೀಳ ಅದರಾಗ ಮಲಗಿಸಿ ಹತರಿ ಹೊಡಿ, ಹೊಳ್ಳಸು, ಹೊಡಿ.
ತುದಿಗೆ ಬಂದಾಗ ಬೆಂಕಿಕಡ್ಡಿಗಿಂತ ಸಣ್ಣ,
ಬುಡದಾಗ ತುಸು ಗಟ್ಟಿ.
ಸಿಪ್ಪಿ ಮಾತ್ರ ಮುಟ್ಟಬ್ಯಾಡ ಅಂದಿದ್ದ; ಬಿದಿರಿನ ಬಲ ಎಲ್ಲಾ
ಹೊರಗಿನ ಚರ್ಮದಾಗ.
ನಾ ಒಂದ ಕಡೆ ಮುಟ್ಟೇನಿ. ಅವಗ ಹೇಳಿಲ್ಲ.

ಹಿಡಿಕಿಗೆ ಅವರ ಅತ್ತಿಯ ಟ್ರಂಕಿನಾಗ ಹನ್ನೊಂದ ಬೂಚು ಸಿಕ್ಕವು,
ಮಿಶನ್ ದವಾಖಾನಿ ಬಾಟ್ಲಿದ್ದು.
ಮಳಿಗಾಲದಾಗ ಹಿಡದರ
ಈಗೂ ಕೈಗೆ ಕೆಮ್ಮಿನ ಔಷಧದ ವಾಸನಿ.

ಅಂಟು ಹಚ್ಚಿ, ಆರೂ ಕೂಡಿಸಿ, ದಾರ ಬಿಗದ
ಎಂಟ ದಿನ ಜಂತಿಗೆ ತೂಗಬಿಟ್ಟೆ.
ಬಿಚ್ಚಿದಾಗ ಸೀಳು ಕಾಣಲಿಲ್ಲ.
ಉಗುರಿಗಷ್ಟ ಗೊತ್ತು, ಆರು ಅಂತ.

ಉಂಗುರಕ್ಕ ಸೇಫ್ಟಿ ಪಿನ್ನು ಬಗ್ಗಿಸಿ
ಸೆರಗಿನ ಕೆಂಪು ರೇಶಿಮಿಲೆ ಕಟ್ಟಾಕ ಕುಂತೆ.
ನೀಲಗಂಗಾ ರೊಟ್ಟಿ ಬಡಿಯೋದ ಬಿಟ್ಟ ಬಂದ ನೋಡಿದ್ಲು.
"ಎಳಿ ಒಂದರ ಮ್ಯಾಲೊಂದ ಏರೇತಿ. ನೀ ನೇಕಾರನ ಏನು?"
ಕೈ ತೊಳಕೊಂಡ್ಲು.
ಒಂಬತ್ತೂ ಉಂಗುರ, ಮಗ್ಗಲಿಗೆ ಮಗ್ಗಲ ಹತ್ತಿ,
ಕಡೀ ಎಳಿ ಸುತ್ತಿನ ಕೆಳಗ ತೂರಸಿ ಎಳದ
ಗಂಟ ಇಲ್ಲದ ಮುಗಿಸಿದ್ಲು.
ರೊಟ್ಟಿ ಹೊತ್ತಿತ್ತು. ಅದನ್ನ ಉಂಡಿವಿ.

ದಾರನೂ ರೇಶಿಮಿ; ನಾನ ಹೆಣದು, ಮೇಣ ತಿಕ್ಕಿ.
ಹುಳ ಅಂದರ ಸತ್ಯದಾನನ ಹುಂಜದ ಕೊರಳಿನ ಎರಡ ಗರಿ.
ಗಾಳದ ಮೊನಿ ಇಕ್ಕಳದಾಗ ಹಿಡದ
ಚಟ್ಟನ ಮುರದೆ.

ಅವ ಮಸಾಲಿ ಅರಿಸಿಕೊಂಡ ಬಂದಿದ್ದ, ಪಾಪ.
ಹೊಳಿದಂಡ್ಯಾಗ ಮುರದ ಮೊನಿ ನೋಡಿ
ಬಾಯಿಗೆ ಬಂದಂಗ ಬೈದ.
ಮೊದಲನೇ ಒಗತ ನನ್ನ ಕಿವಿಗೆ ಬಿತ್ತು,
ಎರಡನೇದು ಜಾಲಿಗೆ.
ಹಗಲ ಇಳಿಯೋಮುಂದ ಒಂದ ದಾರ
ಹಿಂದ ಪೂರಾ ಚಾಚಿ, ಒಂದ ಕ್ಷಣ ನಿಂತ, ಮುಂದ ಹೋತು.
ಮೂವತ್ತ ವರ್ಷದಾಗ ಲಾಳಿ ಹಂಗ ನಿಂತದ್ದಿಲ್ಲ.

ಗರಿ ನೀರಿಗೆ ಕುಂತಿತು.
ಬೆಳ್ಳಗಂದೊಂದು ಎದ್ದು ಬಂತು. ಹೆಸರು ಸತ್ಯದಾನ ಹೇಳಿದ, ಮರತೇನಿ.
ಆರೂ ಸೀಳು ಕೂಡಿ ಬಗ್ಗಿದವು, ಬೂಚಿನಮಟ,
ನಾ ಹತರಿ ತಪ್ಪಿಸಿದ ಕಡೆ ಚೂರು ಹೆಚ್ಚ ಬಗ್ಗಿ.
ಉಗುಳಿ ಹೋತು.

ಸತ್ಯದಾನ ಖಾಲಿ ಚೀಲ ಮಡಚಿ,
ಮುಂಡರಗಿಯಾಗ ಮಿರ್ಚಿ ತಿನಸು ಅಂದ.
ತಿನಸಿದೆ.
ಕಂಡಕ್ಟರ್ ಕೋಲು ನೋಡಿ ಲಗೇಜಿನ ಚೀಟಿ ಹರದ.
ಕೈ ಇನ್ನೂ ನಡಗತಿತ್ತು,
ಚಿಲ್ಲರ ಅವನ ಎಣಿಸಿಕೊಂಡ.