ಹನ್ನೊಂದು ನಿಮಿಷ

ಹಟ್ಟಿಯ ಲ್ಯಾಂಪ್ ರೂಮಿನಲ್ಲಿ, ಪಾಳಿ ಬಿಡುವ ಹೊತ್ತಿಗೆ,
ಒಂದು ಸ್ಕ್ರಿಪ್ಟು ದೀಪ ಎಣಿಸುತ್ತಿತ್ತು:
ಗಣಿಗೆ ಇಳಿದವೆಷ್ಟು, ಗೂಡಿಗೆ ಮರಳಿದವೆಷ್ಟು.
ಒಂದು ಕಮ್ಮಿ ಬಿದ್ದರೆ ಸೈರನ್ನು.
ಅಷ್ಟೇ ಅದರ ಕೆಲಸ. ಹದಿನೇಳು ವರ್ಷ.

ಬರೆದವರು ಮೌಲಾಸಾಬ್, ದೀಪದ ಗುಮಾಸ್ತರು.
ಲಿಂಗಸುಗೂರಿಗೆ ಸಂಜೆ ಬಸ್ಸಿಗೆ ಹೋಗಿ
ಕೊನೇ ಬಸ್ಸಿಗೆ ಬಂದು ಕಂಪ್ಯೂಟರು ಕಲಿತವರು.
ನಾನು ಸೇರಿದ ದಿನ ಅಂದಿದ್ದರು:
"ಇದಕ್ಕ ಕೈ ಹಚ್ಚಬ್ಯಾಡವ್ವ. ನಡದೈತಿ, ನಡೀಲಿ."
ಹಚ್ಚಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ
ಎಬ್ಬಿಸಿ ಕೂರಿಸುವುದಷ್ಟೇ ನನ್ನ ಪಾಲಿಗೆ.

ಈಗ ಹೊಸ ಗೇಟು ಬಂದಿದೆ. ಎಣಿಕೆ
ಅದರ ಹೊಟ್ಟೆಯೊಳಗೇ ಇದೆ, ಬೇರೆ ಬರೆಯಬೇಕಿಲ್ಲ.
ಆದರೂ ನಂಬಲಿಲ್ಲ ನಾನು. ನಲವತ್ತು ದಿನ
ಎರಡನ್ನೂ ಒಂದೇ ಮೇಜಿನ ಮೇಲೆ ಓಡಿಸಿದೆ,
ಓರಗಿತ್ತಿಯರ ರೊಟ್ಟಿ ಎಣಿಸುವ ಅತ್ತೆಯ ಹಾಗೆ.
ಲೆಕ್ಕ ತಪ್ಪಲಿಲ್ಲ ಯಾವುದೂ.

ಕೊನೆಗೆ, ಮ್ಯಾನೇಜರಿಗೆ ಹೇಳಿಯೇ,
ನಾಲ್ಕುನೂರ ಹದಿನೇಳನೇ ದೀಪವನ್ನು
ಮೇಸ್ತ್ರಿ ದುರುಗಪ್ಪನ ಕೈಯಿಂದ ಕೆಳಗೇ ಬಿಡಿಸಿದೆ.
ಹೊಸದು ಕೂಗಿತು, ತಕ್ಷಣ.
ಹಳೆಯದು ಸುಮ್ಮನಿತ್ತು.
ಸುಮ್ಮನೇ ಇತ್ತು.
ನನ್ನ ಚಹಾ ಕೆನೆಗಟ್ಟಿತು.
ಹನ್ನೊಂದು ನಿಮಿಷಕ್ಕೆ ಬಾಯಿ ಬಿಟ್ಟಿತು.

ತೆರೆದು ನೋಡಿದೆ. ಅರವತ್ತನಾಲ್ಕನೇ ಸಾಲು,
ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು:
"ಮಾರೆಪ್ಪ ಕಾಕಾನ ಮೊಣಕಾಲು ಬರೋಬರಿ ಇಲ್ಲ.
ನಳಕ್ಕ ಮಾರಿ ತೊಳಕೊಂಡು ಬರ್ತಾನ. ಕಾಯಬೇಕು."

ಮಾರೆಪ್ಪ ಯಾರೋ. ಹಾಜರಿ ಪುಸ್ತಕದಲ್ಲಿ
ಆ ಹೆಸರು ನಿಂತು ಹನ್ನೆರಡು ವರ್ಷ.
ಆಮೇಲೂ ದಿನಕ್ಕೆ ಮೂರು ಸಲ
ಅವನಿಗಾಗಿ ತಡೆದು ನಿಂತಿದೆ ಇದು.
ಕಣ್ಣು ತುಂಬಿತು, ನಿಜ.
ಮರುಗಳಿಗೆ ಬೆನ್ನು ತಣ್ಣಗಾಯಿತು:
ಈ ವರ್ಷಗಳಲ್ಲಿ ಕೆಳಗೆ ಯಾರಾದರೂ
ನಿಜಕ್ಕೂ ಬಿದ್ದಿದ್ದರೆ?
ಕಲ್ಲಿನಡಿ ಹನ್ನೊಂದು ನಿಮಿಷ ಎಂದರೆ ಎಷ್ಟು?

ಮುದಗಲ್ಲಿಗೆ ಫೋನು ಮಾಡಿದೆ.
ಮೌಲಾಸಾಬರು ಬಹಳ ಹೊತ್ತು ಮಾತಾಡಲಿಲ್ಲ,
ಹಿಂದೆ ಕುಕ್ಕರು ಕೂಗುತ್ತಿತ್ತು.
"ಇನ್ನೂ ಅದಾನೇನು ಅವ ಅದರಾಗ?
ತಗದ್ ಬಿಡವ್ವ," ಅಂದರು,
"ಮಾರೆಪ್ಪ ಮ್ಯಾಲ ಬಂದು ಬಾಳ ದಿನ ಆತು."

ತೆಗೆದೆ. ಒಂದು ಪ್ರತಿ ಕಪಾಟಿನಲ್ಲಿಟ್ಟೆ,
ಯಾಕೆ ಎಂದು ಯಾರೂ ಕೇಳಲಿಲ್ಲ.

ಮೊದಲ ರಾತ್ರಿಯೇ ಸೈರನ್ನು.
ನಳದ ಕಡೆಯಿಂದ ಓಡಿ ಬಂದ ಒಬ್ಬ ಹುಡುಗ,
ಮಾರಿ ತುಂಬ ಸೋಪಿನ ನೊರೆ,
ಒಂದು ಕಣ್ಣು ಮುಚ್ಚಿ, ಕೈಯಲ್ಲಿ ದೀಪ.