ರಸಮಟ್ಟ

ಏಳನೇ ಮಹಡಿ ಹತ್ತಿ ಬಂದ ಗೋಚಾ ಮೊದಲು ಕೇಳಿದ್ದು ನೀರು.
ಆಮೇಲೆ, ‘ಈ ಬೀರು ಹೋಗಲೇಬೇಕೇ?’
ಹೋಗಬೇಕು.
ಗೋಡೆಯ ಈ ತುದಿಯಿಂದ ಆ ತುದಿಗೆ, ನೆಲದಿಂದ ಸೂರಿಗೆ,
ಎಂಬತ್ತಮೂರರಲ್ಲಿ ಚಿಕ್ಕಮ್ಮ ಎತೇರಿ
ಹದಿನಾಲ್ಕು ತಿಂಗಳು ಸರದಿಯಲ್ಲಿ ಹೆಸರಿಟ್ಟು ಕಾದು ತಂದ
ರುಮೇನಿಯಾದ ಬೀರು.
ಮುಖ ಕಾಣುವಂಥ ಮೆರುಗು, ಹನ್ನೊಂದು ಬಾಗಿಲು,
ಎಲ್ಲಕ್ಕೂ ಒಂದೇ ಕೀಲಿ.

ನಾನು ತರಿಸಿದ್ದು ಬಿಳಿ ಬಳಿದ ಉಕ್ಕಿನ ಪಟ್ಟಿ ನಾಲ್ಕು,
ಓಕ್ ಮರದ ಹಲಗೆ ಆರು.
ಬೆನ್ನಿಲ್ಲ, ಬಾಗಿಲಿಲ್ಲ, ಕಾಲೂ ಇಲ್ಲ.
ಗಾಳಿಯಲ್ಲಿ ನಿಂತಂತೆ ಕಾಣಬೇಕು ಎಂದಿತ್ತು ಪತ್ರಿಕೆ,
ಮೂರರಲ್ಲೊಂದು ಪಾಲು ಖಾಲಿ ಬಿಡಿ ಎಂದೂ ಇತ್ತು.
ಖಾಲಿಗೂ ದುಡ್ಡು ಕೊಡುವ ಕಾಲ ಬಂತಲ್ಲ
ಎಂದು ನಕ್ಕಳು ಕೆಳಮನೆಯ ಲಮಾರಾ.
ನಗುತ್ತಲೇ, ಎರಡು ಬಾಗಿಲು ನನಗಿರಲಿ ಅಂದಳು,
ಹಳ್ಳಿಯಲ್ಲಿ ಕೋಳಿಗೂಡಿಗೆ ಆದೀತು.

ಬಿಚ್ಚಿದೆವು.
ಬೀರುವಿನ ಹಿಂದೆ ಗೋಡೆಗೆ ವಯಸ್ಸೇ ಆಗಿರಲಿಲ್ಲ.
ನೀಲಿ ಹೂವಿನ ಕಾಗದ ನಿನ್ನೆ ಅಂಟಿಸಿದಂತೆ,
ಸುತ್ತಲಿನದೆಲ್ಲ ಚಹಾ ಚೆಲ್ಲಿದ ಬಣ್ಣ.
ಅಷ್ಟು ವರ್ಷದ ಬಿಸಿಲನ್ನು ತಡೆದದ್ದು ಸಾಲದೆ
ಏನೇನನ್ನೋ ಹೊಟ್ಟೆಗೆ ಹಾಕಿಕೊಂಡಿತ್ತು ಅದು:
ಒಂಟಿ ಬೂಟು, ಚಲಾವಣೆ ಸತ್ತ ಕೂಪನ್ ನೋಟಿನ ಕಂತೆ,
ಮದುವೆಗೆ ಬಂದು ಯಾರ ತುಟಿಗೂ ತಾಗದ ಹರಳಿನ ಲೋಟ,
ಜಾಮ್ ಶೀಶೆಯ ತುಂಬ ಮೇಣದ ಬತ್ತಿಯ ಮೋಟು,
ಮಸಿ ಹಿಡಿದ ಸೀಮೆಎಣ್ಣೆ ದೀಪ.
ತೊಂಬತ್ತಮೂರರ ಚಳಿ. ಕರೆಂಟಿಲ್ಲ, ಗ್ಯಾಸಿಲ್ಲ.
ಆ ದೀಪದ ಬೆಳಕಲ್ಲಿ ನಾನು ಮಗ್ಗಿ ಕಲಿತದ್ದು ಏಳರವರೆಗೆ;
ಎಂಟರ ಹೊತ್ತಿಗೆ ಎಣ್ಣೆ ಮುಗಿಯುತ್ತಿತ್ತು.
ಇವತ್ತಿಗೂ ಎಂಟೊಂಬತ್ಲೆ ಎಂದರೆ
ಬೆರಳು ಮಡಚುತ್ತೇನೆ, ಬ್ಯಾಂಕಿನ ಕೌಂಟರಿನ ಕೆಳಗೆ.

ಗೋಚಾ ಗೋಡೆ ತಟ್ಟಿದ, ವೈದ್ಯ ಬೆನ್ನು ತಟ್ಟಿ ಕೇಳುವ ಹಾಗೆ.
ಕಾಂಕ್ರೀಟು.
ಡ್ರಿಲ್ಲಿನ ಎರಡು ಮೂತಿ ಮುರಿದವು,
ಎರಡಕ್ಕೂ ಬೇರೆ ಬೇರೆ ಬೈಗುಳ.
ಮೂರನೆಯದು ಇಳಿಯಿತು. ಬೂದುಪುಡಿ ನನ್ನ ತಲೆಯ ಮೇಲೆ.
ಹಲಗೆ ಕೂರಿಸಿ ಅದರ ಮೇಲೆ ರಸಮಟ್ಟ ಇಟ್ಟ.
ಗುಳ್ಳೆ ಅತ್ತ ಇತ್ತ ಓಡಿ
ಗೆರೆಗಳ ನಡುವೆ ಬಂದು ಕೂತಿತು, ಸಾಧುವಾಗಿ.
ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ
ಹಲಗೆ ಸೊಟ್ಟ.

‘ಹಲಗೆ ನೆಟ್ಟಗಿದೆ, ಖಾತುನಾ.
ಸೂರು ಸೊಟ್ಟ, ನೆಲ ಸೊಟ್ಟ,
ವರ್ಕೆತಿಲಿಯ ಈ ಕಟ್ಟಡವೇ ಮೆಟ್ರೊ ಕಡೆಗೆ
ಎರಡು ಬೆರಳು ವಾಲಿದೆ. ಹೇಳು,
ರಸಮಟ್ಟಕ್ಕೆ ಕೂರಿಸಲೋ, ಕಣ್ಣಳತೆಗೋ?’

ಬೀರು ನಿಂತಿದ್ದ ಜಾಗದಲ್ಲಿ,
ಅದರ ಎಡಗಾಲು ಊರಿದ್ದ ಮೂಲೆಯಲ್ಲಿ,
ನಾಲ್ಕು ಮಡಿಕೆ ಮಡಚಿದ ರಟ್ಟಿನ ತುಂಡು ಬಿದ್ದಿತ್ತು.
ಸಿಗರೇಟು ಪೊಟ್ಟಣದ್ದು. ಅಚ್ಚು ಅಳಿಸಿ ಹೋಗಿತ್ತು.
ಚಿಕ್ಕಮ್ಮನಿಗೆ ಗೊತ್ತಿತ್ತು ಹಾಗಾದರೆ.
ಗೊತ್ತಿದ್ದೂ ನಮಗಾರಿಗೂ ಹೇಳದೆ
ಇಷ್ಟು ಕಾಲ ನೆಟ್ಟಗಿನ ಮನೆಯಲ್ಲಿ ಊಟಕ್ಕೆ ಕೂರಿಸಿದ್ದಳು.

ಕಣ್ಣಳತೆಗೆ, ಎಂದೆ.
‘ಮೊಟ್ಟೆ ಮಾತ್ರ ಇಡಬೇಡ’ ಎಂದ ಗೋಚಾ, ದುಡ್ಡೆಣಿಸುತ್ತ.

ಆರೂ ಹಲಗೆ ಈಗ ಸೂರಿನ ಜೊತೆ ಜೊತೆಗೆ ವಾಲಿ ನಿಂತಿವೆ,
ನೋಡಿದವರಿಗೆ ನೆಟ್ಟಗೆ.
ಬೆನ್ನು ತೋರುವ ಪುಸ್ತಕ ಹದಿನೇಳು, ಒಂದು ತಾಮ್ರದ ಕಾಫಿ ಪಾತ್ರೆ,
ಮೂರರಲ್ಲೊಂದು ಪಾಲು ಖಾಲಿ,
ಖಾಲಿಯ ಹಿಂದೆ ಚಿಕ್ಕಮ್ಮನ ನೀಲಿ ಹೂವು.
ಬೂಟು, ನೋಟು, ಒಡಕು ಲೋಟ ಮಂಚದ ಕೆಳಗೆ ಹೋದವು;
ಬಾಗಿಲಿಲ್ಲದ ಮನೆಯಲ್ಲಿ ಮಂಚವೇ ಬಾಗಿಲು.

ದೀಪ ಮಾತ್ರ ನಡುಹಲಗೆಗೆ ಬಂತು. ಮಸಿ ಒರೆಸಲಿಲ್ಲ.
ಶನಿವಾರ ಬಂದ ಸಹೋದ್ಯೋಗಿ ಮಕ್ವಾಲಾ
ತಲೆ ಓರೆ ಮಾಡಿ ನೋಡಿ, ಎಷ್ಟು ಸ್ಟೈಲಾಗಿದೆ,
ಯಾವ ಅಂಗಡಿ ಎಂದು ಕೇಳಿದಳು.
ಹಳೇ ಅಂಗಡಿ, ಮುಚ್ಚಿದೆ, ಎಂದೆ.

ರಾತ್ರಿ ಕೆಳಗೆ ಲಾರಿ ಹೋದಾಗೆಲ್ಲ ದೀಪ
ಕೂದಲೆಳೆಯಷ್ಟು ಮೆಟ್ರೊ ಕಡೆಗೆ ಜರುಗುತ್ತದೆ.
ಬೆಳಿಗ್ಗೆ ಹಲ್ಲುಜ್ಜುತ್ತ ಬಂದು ಹಿಂದಕ್ಕೆ ತಳ್ಳುತ್ತೇನೆ.
ನಿನ್ನೆ ಬೇಸರವಾಗಿ
ಆ ರಟ್ಟನ್ನು ಹುಡುಕಿ, ಎರಡೇ ಮಡಿಕೆ ಮಡಚಿ,
ಅದರಡಿ ತೂರಿಸಿದೆ.